ಮನಿ ಪ್ಲಾಂಟ್ ಎಲೆಯ ತಾಂಬೂಲ

೧೯೮೫ರ ಮಾರ್ಚ್ ೧೧, ಸೋಮವಾರ. ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ ಮಿಲ್ಪಿಟಾಸ್ ಪೊಲೀಸ್ ಠಾಣೆಯ ಕೌಂಟರಿನ ಮುಂದೆ ಒಬ್ಬ ಮನುಷ್ಯ ಬಂದು ನಿಂತ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎಲೆಕ್ಟ್ರಾನಿಕ್ಸ್ ಕಂಪನಿಯ ಬ್ಯಾಡ್ಜು, ಕಾಲಲ್ಲಿ ಮಾತ್ರ ಮನೆಯ ಹವಾಯಿ ಚಪ್ಪಲಿ. ಹೆಸರು ಶೇಷಗಿರಿ, ವಯಸ್ಸು ಮೂವತ್ತೆಂಟು, ಊರು ಮೈಸೂರು. ತನ್ನ ಮನೆಯ ಗ್ಯಾರೇಜಿನಿಂದ ಹೆಣ್ಣೊಂದು ಕಾಣೆಯಾಗಿದೆ ಎಂದು ಅವನು ಇಂಗ್ಲಿಷಿನಲ್ಲಿ ಹೇಳಿದ. ಕೌಂಟರಿನಲ್ಲಿದ್ದ ಆಫೀಸರ್ ಸಿಲ್ವೇರಾ ರೇಡಿಯೋಗೆ ಕೈ ಹಾಕಿದ. ತುಂಬು ಗರ್ಭಿಣಿ ಎಂದಾಗ ಎದ್ದೇ ನಿಂತ. ಮೂಗಿನ ಮೇಲೆ ಒಂದು ಕೊಂಬಿದೆ ಎಂದ ಮೇಲೆ ನಿಧಾನವಾಗಿ ಕುಳಿತುಕೊಂಡ.

ಕಾಣೆಯಾದದ್ದು ಗೋಸುಂಬೆ. ಕೀನ್ಯಾ ದೇಶದ ಎತ್ತರದ ಬೆಟ್ಟಗಳಲ್ಲಿ ಹುಟ್ಟಿ ಬೆಳೆಯುವ ಜಾತಿ. ಗಂಡಿಗೆ ಮೂರು ಕೊಂಬು, ಈ ಹೆಣ್ಣಿಗೆ ಒಂದೇ. ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಕೀನ್ಯಾ ಸರ್ಕಾರ ಕೆಲವು ವರ್ಷಗಳ ಹಿಂದೆಯೇ ಇವುಗಳ ರಫ್ತು ನಿಲ್ಲಿಸಿತ್ತು. ಹೋದದ್ದಕ್ಕೆ ಬದಲಿ ಇನ್ನೊಂದು ತರುವುದು ಕಷ್ಟ.

ಸಿಲ್ವೇರಾ ಫಾರಂ ತುಂಬುತ್ತಾ ಬಂದು 'ಬಣ್ಣ' ಎಂಬ ಕಡೆ ಪೆನ್ನು ನಿಲ್ಲಿಸಿದ. ಶೇಷಗಿರಿ ಪ್ರಾಮಾಣಿಕನಾಗಿ ಉತ್ತರ ಕೊಟ್ಟ. ಬೆಳಿಗ್ಗೆ ಎದ್ದಾಗ ಹೆಚ್ಚೂಕಡಿಮೆ ಕಪ್ಪು, ಬಿಸಿಲು ಕಾಯಿಸಿಕೊಂಡ ಮೇಲೆ ಹಸಿರು, ಸಿಟ್ಟು ಬಂದರೆ ಪಟ್ಟೆ. ಸಿಲ್ವೇರಾ ಪೆನ್ನು ಕೆಳಗಿಟ್ಟು ಒಳಗೆ ಹೋಗಿ ಸಾರ್ಜೆಂಟ್ ಜಯರಾಮ್‌ನನ್ನು ಕರೆತಂದ.

ಜಯರಾಮ್ ಮಂಡ್ಯದ ಹೆಡ್ ಕಾನ್‌ಸ್ಟೆಬಲ್ ಒಬ್ಬರ ಮಗ. ಓದಲೆಂದು ಸ್ಯಾನ್ ಹೋಸೆಗೆ ಬಂದವನು ಅಪ್ಪನ ಕೆಲಸಕ್ಕೇ ಸೇರಿಕೊಂಡಿದ್ದ. ಇಲ್ಲಿ ರಿಪೋರ್ಟು ಎನ್ನುವುದನ್ನು ಅವನು ಮನಸ್ಸಿನಲ್ಲಿ ಇನ್ನೂ ಎಫ್‌ಐಆರ್ ಎಂದೇ ಕರೆಯುತ್ತಿದ್ದ. ಸಿನಿಮಾದಲ್ಲಾಗಿದ್ದರೆ ಇನ್ಸ್‌ಪೆಕ್ಟರು ಇಂಥ ಜಾಗದಲ್ಲಿ ಕಪ್ಪು ಕನ್ನಡಕ ತೆಗೆಯಬೇಕು. ಜಯರಾಮ್ ಓದುವ ಕನ್ನಡಕ ಹಾಕಿಕೊಂಡು, ಕನ್ನಡದಲ್ಲೇ ಕೇಳಿದ.

"ಯಾವಾಗ ಹೆರಬೇಕಿತ್ತು?"

"ಈ ವಾರದಲ್ಲೇ ಸಾರ್. ಅದಕ್ಕೇ ಓಡಿ ಬಂದೆ. ತಗೊಂಡು ಹೋದೋರಿಗೆ ಏನು ಗೊತ್ತಿರುತ್ತೆ? ಒಂದು ದಿವಸ ತಪ್ಪಾಗಿ ಇಟ್ರೂ ತಾಯಿ ಮರಿ ಎರಡೂ ಹೋಗುತ್ತೆ."

ಜಯರಾಮ್ ಫಾರಮಿನಲ್ಲಿ ಬಣ್ಣದ ಎದುರಿಗೆ 'ಹಸಿರು, ಬದಲಾಗಬಹುದು' ಎಂದು ಬರೆದು ಸಹಿ ಹಾಕಿದ.

ಹತ್ತು ಗಂಟೆಗೆ ಸ್ಥಳ ಪರಿಶೀಲನೆ. ಗ್ಯಾರೇಜಿನ ಒಂದು ಗೋಡೆಗೆ ಎರಡು ಪಂಜರ. ಒಂದರಲ್ಲಿ ಮೂರು ಕೊಂಬಿನ ಗಂಡು ಫೈಕಸ್ ಗಿಡದ ಕೊಂಬೆ ಹಿಡಿದು, ಒಂದು ಕಣ್ಣಿನಿಂದ ಜಯರಾಮ್‌ನನ್ನೂ ಇನ್ನೊಂದರಿಂದ ಸಿಲ್ವೇರಾನನ್ನೂ ನೋಡುತ್ತಿತ್ತು. ಇನ್ನೊಂದು ಪಂಜರ ಖಾಲಿ. ಅದರ ಬಾಗಿಲನ್ನು ತೆಗೆದವರು ಮತ್ತೆ ನೀಟಾಗಿ ಮುಚ್ಚಿದ್ದರು. ಪಕ್ಕದ ಬಾಗಿಲಿನ ಬೀಗ ಒಡೆದಿರಲಿಲ್ಲ. ಅದರ ಕೀ ಹೂವಿನ ಕುಂಡದ ಕೆಳಗೆ ಇರುತ್ತದೆ ಎಂಬುದು ಪರಿಚಯದವರಿಗೆಲ್ಲ ಗೊತ್ತಿದ್ದ ಸಂಗತಿ. ಭಾನುವಾರ ಸಂಜೆ ಗಂಡ ಹೆಂಡತಿ ಲಾಸ್ ಆಲ್ಟೋಸ್‌ನಲ್ಲಿ ಕನ್ನಡದವರ ಕೂಟಕ್ಕೆ ಹೋಗಿದ್ದರು. ವಾಪಸ್ಸು ಬಂದು ಮಲಗಿದರು. ಶೇಷಗಿರಿ ನೋಡಿದ್ದು ಬೆಳಿಗ್ಗೆಯೇ.

ಸಿಲ್ವೇರಾ ತೆರೆದಿದ್ದ ಕಿಟಕಿ ತೋರಿಸಿ, ಕಳ್ಳ ಬಂದದ್ದು ಇಲ್ಲಿಂದ ಎಂದ. ಜಯರಾಮ್ ಕಿಟಕಿಯ ಕಟ್ಟೆಯ ಮೇಲೆ ಬಗ್ಗಿ ನೋಡಿದ. ಧೂಳು ಕದಲಿರಲಿಲ್ಲ. ಅಲ್ಲಿಂದ ಯಾರೂ ಹತ್ತಿ ಇಳಿದಿರಲಿಲ್ಲ. ಒಳಗೆ ಬಂದವರು ಗಾಳಿಗೋಸ್ಕರ ತೆರೆದಿದ್ದರು.

"ಈ ಹೀಟರು?"

"ರಾತ್ರಿ ಪೂರ್ತಿ ಹಾಕಿರ್ತೀನಿ ಸಾರ್. ನಿನ್ನೆ ಹೊರಡೋವಾಗ್ಲೇ ಹಾಕಿದ್ದೆ. ಬೆಳಿಗ್ಗೆ ನೋಡಿದ್ರೆ ಆಫ್ ಆಗಿತ್ತು. ಪ್ಲಗ್ಗೂ ಕಿತ್ತಿತ್ತು."

ಜಯರಾಮ್ ಇದನ್ನು ಬರೆದುಕೊಂಡ. ಹೆಣ್ಣನ್ನು ಕದ್ದವನು ಹೊರಡುವ ಮೊದಲು, ಅಲ್ಲೇ ಬಿಟ್ಟುಹೋಗುವ ಗಂಡಿಗಾಗಿ ಹೀಟರ್ ಆರಿಸಿ ಕಿಟಕಿ ತೆರೆದಿದ್ದ.

ಠಾಣೆಗೆ ಮರಳಿ ಅವನು ಪ್ರಾಣಿಸಂಗ್ರಹಾಲಯದ ಪಶುವೈದ್ಯೆ ಒಬ್ಬರಿಗೆ ಫೋನು ಮಾಡಿದ. ಆಕೆ ಇಪ್ಪತ್ತು ನಿಮಿಷ ಮಾತನಾಡಿದರು. ಸಮಭಾಜಕದ ಹತ್ತಿರದ ಪ್ರಾಣಿ ಎಂದು ಜನ ಇದನ್ನು ಬೇಯಿಸಿಬಿಡುತ್ತಾರೆ, ಆದರೆ ಇದು ಬೆಟ್ಟದ ಜೀವ. ಹಗಲು ಎಳೆಬಿಸಿಲು, ರಾತ್ರಿ ಮಂಜು, ಚಳಿ. ಆ ಚಳಿಯಲ್ಲೇ ಅದರ ಮೈ ವಿಶ್ರಾಂತಿ ಪಡೆಯುವುದು. ಬಟ್ಟಲಿನಲ್ಲಿ ಇಟ್ಟ ನೀರು ಅದಕ್ಕೆ ಕಾಣುವುದೇ ಇಲ್ಲ, ಎಲೆಯ ಮೇಲಿನ ಹನಿಯನ್ನಷ್ಟೇ ಕುಡಿಯುತ್ತದೆ. ಇನ್ನೊಂದು ಗೋಸುಂಬೆ ಕಣ್ಣಿಗೆ ಬೀಳುತ್ತಿದ್ದರೂ ಸಾಕು, ಕೊರಗುತ್ತದೆ. ರಾತ್ರಿಯೂ ಸೆಕೆಯಲ್ಲಿಟ್ಟರೆ ಬಸಿರಿನ ಹೆಣ್ಣು ಹೆರುವ ಮೊದಲೇ ಸೋತುಹೋಗುತ್ತದೆ. ಬಾಯಿ ತೆರೆದುಕೊಂಡು ಕೂರುತ್ತಿತ್ತೇ, ಕಣ್ಣು ಗುಳಿಬಿದ್ದಿತ್ತೇ, ಕೇಳಿ ನೋಡಿ ಎಂದರು.

ಜಯರಾಮ್ ಕೇಳಿದ. ಹೌದು, ಎರಡು ವಾರದಿಂದ, ಎಂದ ಶೇಷಗಿರಿ ಫೋನಿನಲ್ಲಿ. ಹೀಟರ್ ಹಾಕಬೇಡಿ ಎಂದರೆ ಮಾತ್ರ ಅವನಿಗೆ ನಂಬಿಕೆ ಬರಲಿಲ್ಲ.

"ಬಸುರಿ ಬಾಣಂತಿ ಅಂದ್ರೆ ಬೆಚ್ಚಗಿರಬೇಕಲ್ವಾ ಸಾರ್? ನಮ್ಮಕ್ಕನಿಗೆ ತಿಂಗಳುಗಟ್ಟಲೆ ಅಗ್ಗಿಷ್ಟಿಕೆ ಇಟ್ಟಿದ್ರು."

"ನಿಮ್ಮಕ್ಕ ಕೀನ್ಯಾ ಬೆಟ್ಟದೋರಾ?"

ಶೇಷಗಿರಿ ಫೋನು ಇಟ್ಟುಬಿಟ್ಟ. ಜಯರಾಮ್‌ಗೂ ತಾನು ಹಾಗೆ ಹೇಳಬಾರದಿತ್ತು ಅನ್ನಿಸಿತು. ಆ ಮನುಷ್ಯ ಮಾಡಿದ್ದೆಲ್ಲ ಪ್ರೀತಿಯಿಂದಲೇ ಮಾಡಿದ್ದ.

ಸೋಮವಾರ ಇಡೀ ದಿನ ಸಿಲ್ವೇರಾ ಪ್ರಾಣಿ ಮಾರುವ ಅಂಗಡಿಗಳನ್ನು ಸುತ್ತಿದ. ಯಾರೂ ಇಂಥ ಹೆಣ್ಣನ್ನು ಮಾರಲು ತಂದಿರಲಿಲ್ಲ. ಒಂದು ಅಂಗಡಿಯವನು ಅವನ ಕೈಗೆ ಆಮೆಮರಿಯೊಂದನ್ನು ಕಟ್ಟಲು ನೋಡಿದ್ದಷ್ಟೇ ಆ ದಿನದ ಗಳಿಕೆ.

ಮಂಗಳವಾರ ಸಂಜೆ ಇಬ್ಬರೂ ಮತ್ತೆ ಶೇಷಗಿರಿಯ ಮನೆಗೆ ಹೋದರು. ಅವನ ಹೆಂಡತಿ ಊರ್ಮಿಳಾ ಪೊಲೀಸರೆಂದು ಹಿಂಜರಿಯುವವಳಲ್ಲ. ಹೊತ್ತಿಗೆ ಸರಿಯಾಗಿ ಬಂದಿದ್ದೀರಿ ಎಂದು ಕೂರಿಸಿ ದೋಸೆ ಹಾಕಿಕೊಟ್ಟಳು. ಸಿಲ್ವೇರಾ ಮೂರನೆಯ ದೋಸೆಗೆ ಚಟ್ನಿ ಬಳಿದುಕೊಳ್ಳುತ್ತಾ ಇದು ಯಾವ ಕಾಯಿಯದು ಎಂದು ಕೇಳಿದ. ತೆಂಗಿನಕಾಯಿ ಎಂದವಳು ಗಂಡನ ಕಡೆ ತಿರುಗಿದಳು.

"ಅಂದಹಾಗೆ, ಆ ತಾಂಬೂಲ ಯಾರ ಮನೇದ್ರೀ? ಭಾನುವಾರ ವಾಷಿಂಗ್ ಮಷೀನ್ ಮೇಲೆ ಇಟ್ಟಿದ್ರಲ್ಲ."

"ಯಾವ ತಾಂಬೂಲ? ನೀನು ತಂದಿದ್ದು ಅಂದ್ಕೊಂಡೆ."

ದೋಸೆ ಮುರಿಯುತ್ತಿದ್ದ ಜಯರಾಮ್‌ನ ಕೈ ನಿಂತಿತು. ವಾಷಿಂಗ್ ಮಷೀನ್ ಇದ್ದದ್ದು ಗ್ಯಾರೇಜಿನಲ್ಲಿ.

ಊರ್ಮಿಳಾ ನೆನಪು ಮಾಡಿಕೊಂಡು ಹೇಳಿದಳು. ಒಂದು ಸ್ಟೀಲ್ ತಟ್ಟೆ, ಅದರಲ್ಲಿ ತೆಂಗಿನಕಾಯಿ, ಅಡಿಕೆ, ಎರಡು ಬಾಳೆಹಣ್ಣು, ಹಸಿರು ರವಿಕೆ ಕಣ, ಕೆಳಗೆ ಎರಡು ಎಲೆ. ಕೂಟದಲ್ಲಿ ಯಾರೋ ಗಂಡನ ಕೈಗೆ ಕೊಟ್ಟಿರಬೇಕೆಂದು ಒಳಗೆ ತಂದಿಟ್ಟಿದ್ದಳು. ಬಾಳೆಹಣ್ಣು ಸೋಮವಾರವೇ ಮುಗಿದಿತ್ತು. ಕಾಯಿಯನ್ನು ಈಗ ಪೊಲೀಸರೇ ತಿನ್ನುತ್ತಿದ್ದರು.

ಜಯರಾಮ್ ಇದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಾಗ ಸಿಲ್ವೇರಾ ತಟ್ಟೆಯನ್ನು ಮೆಲ್ಲಗೆ ದೂರ ಸರಿಸಿದ. ಕಳ್ಳತನ ಮಾಡಿದ ಜಾಗದಲ್ಲಿ ಹಣ್ಣುಕಾಯಿ ಇಟ್ಟುಹೋಗುವುದು ಬೆದರಿಕೆಯೋ, ಏನಾದರೂ ಮಾಟವೋ ಎಂದು ಕೇಳಿದ.

"ಬೆದರಿಕೆ ಅಲ್ಲ, ಮರ್ಯಾದೆ," ಎಂದ ಜಯರಾಮ್. "ಕದಿಯೋಕೆ ಬಂದೋನು ಬರಿಗೈಯಲ್ಲಿ ಬರಬಾರದು ಅಂತ ಬಂದಿದಾನೆ."

ಎಲೆಗಳು ಕಸದ ಡಬ್ಬಿಯಲ್ಲಿದ್ದವು. ಸಿಲ್ವೇರಾ ಕೈಗವಸು ಹಾಕಿಕೊಂಡು ಹುಡುಕಿ ತೆಗೆದ. ಮೇಲ್ನೋಟಕ್ಕೆ ವೀಳ್ಯದೆಲೆ, ಆದರೆ ವೀಳ್ಯದೆಲೆ ಈ ಊರಿನಲ್ಲಿ ಯಾವ ಗ್ರಾಸರಿಯಲ್ಲಿ ಸಿಗಬೇಕು? ಅದು ಮನಿ ಪ್ಲಾಂಟಿನ ಎಲೆ. ಜಯರಾಮ್ ಅದನ್ನು ತೊಳೆದು ದೀಪದ ಕೆಳಗೆ ಹಿಡಿದ. ಎಲೆಯ ತುಂಬ ಸುಣ್ಣದ ಚುಕ್ಕಿಗಳು ಅಂಟಿಕೊಂಡಿದ್ದವು. ದಿನವೂ ಹನಿ ಹನಿಯಾಗಿ ನೀರು ಬಿದ್ದು, ಒಣಗಿ, ಮತ್ತೆ ಬಿದ್ದು ಉಳಿದ ಕಲೆ. ಮನೆಯ ಚಂದಕ್ಕೆ ಬೆಳೆಸಿದ ಬಳ್ಳಿಗೆ ಯಾರೂ ಹೀಗೆ ಎಲೆಯ ಮೇಲೆ ನೀರು ಹನಿಸುವುದಿಲ್ಲ. ಎಲೆಯ ಮೇಲಿಂದಲೇ ಕುಡಿಯುವ ಜೀವ ಆ ಮನೆಯಲ್ಲಿ ಇರಬೇಕು.

"ನಿಮ್ಮ ಪಂಜರದಲ್ಲಿ ಬರೀ ಫೈಕಸ್ ಇದೆ. ಈ ಹೆಣ್ಣನ್ನ ನಿಮಗೆ ಕೊಟ್ಟಿದ್ದು ಯಾರು?"

"ಪೆಸಿಫಿಕಾದ ಹನುಮಂತರಾಜು ಅವರು. ಅವರ ಮನೇಲೇ ಹುಟ್ಟಿದ್ದು. ಹೋದ ವರ್ಷ ಜೂನಲ್ಲಿ ಸುಮ್ನೆ ಕೊಟ್ರು. ಅವರು ಹಿರಿಯರು ಸಾರ್, ಪೇಂಟ್ ಕಂಪನೀಲಿ ಕೆಮಿಸ್ಟು. ಅವರೆಲ್ಲಾದ್ರೂ..."

"ಅವರಿಗೆ ಕಳುವಾದ ವಿಷಯ ಹೇಳಿದ್ರಾ?"

ಹೇಳಿದ್ದ. ಹನುಮಂತರಾಜು ಯಾವಾಗ, ಹೇಗೆ ಎಂದು ಕೇಳಿರಲಿಲ್ಲ. ಗಂಡು ಹೇಗಿದೆ, ಹೀಟರು ಮತ್ತೆ ಹಾಕಿದ್ದೀಯಾ ಎಂದಷ್ಟೇ ಕೇಳಿದ್ದರು.

"ಸುಮ್ನೆ ಕೊಡ್ಲಿಲ್ಲ ಅವ್ರು," ಎಂದಳು ಊರ್ಮಿಳಾ. "ನಾನಿದ್ದೆ ಅಲ್ಲಿ. ಚೊಚ್ಚಲಿಗೆ ನಮ್ಮನೆಗೆ ಕಳಿಸಿ ಅಂದ್ರು. ಇವ್ರು ನಗ್ತಾ ಖಂಡಿತಾ ಅಂದ್ರು."

ಶೇಷಗಿರಿ ಅದು ತಮಾಷೆಯೆಂದೇ ತಿಳಿದಿದ್ದ. ಹನುಮಂತರಾಜು ಫೆಬ್ರವರಿಯಲ್ಲಿ ಫೋನು ಮಾಡಿ ಕೇಳಿದಾಗಲೂ, ಮತ್ತೆರಡು ಸಲ ಕೇಳಿದಾಗಲೂ, ತುಂಬಿದ ಹೊಟ್ಟೆಯವಳನ್ನು ಕಾರಿನಲ್ಲಿ ಅಲ್ಲಾಡಿಸಬಾರದು ಎಂದು ಹೇಳಿದ್ದ. ಅದು ಸುಳ್ಳೇನೂ ಅಲ್ಲ. ಆದರೆ ಮರಿಗಳು ತನ್ನ ಗ್ಯಾರೇಜಿನಲ್ಲೇ ಹುಟ್ಟಲಿ ಎಂಬ ಆಸೆಯೂ ಇತ್ತು ಎಂದು ಅವನು ಕೊನೆಗೆ ತಲೆ ತಗ್ಗಿಸಿ ಒಪ್ಪಿಕೊಂಡ.

ಬಸುರಿ ಮಗಳನ್ನು ಕರೆದುಕೊಂಡು ಹೋಗಲು ತವರಿನವರು ಬಂದರೆ ಗಂಡನ ಮನೆಯ ಹೆಂಗಸಿಗೆ ಹಣ್ಣುಕಾಯಿ, ಕಣ ತರುತ್ತಾರೆ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಎಲ್ಲಿ ಇಡಬೇಕು ಎಂದು ಯಾವ ಶಾಸ್ತ್ರವೂ ಹೇಳಿಲ್ಲವಾದ್ದರಿಂದ ಹನುಮಂತರಾಜು ವಾಷಿಂಗ್ ಮಷೀನಿನ ಮೇಲೆ ಇಟ್ಟಿದ್ದರು.

ಬುಧವಾರ ಬೆಳಿಗ್ಗೆ ಜಯರಾಮ್ ಜಡ್ಜಿನ ಸಹಿಯಿದ್ದ ವಾರಂಟು ತೆಗೆದುಕೊಂಡ. ಪೆಸಿಫಿಕಾ ಬೇರೆ ಕೌಂಟಿಯಾದ್ದರಿಂದ ಅಲ್ಲಿನ ಠಾಣೆಗೂ ತಿಳಿಸಿದ. ೨೮೦ ಫ್ರೀವೇಯಲ್ಲಿ ಬಿಸಿಲಿತ್ತು. ಸಮುದ್ರದ ಕಡೆಗೆ ಇಳಿಯುತ್ತಿದ್ದಂತೆ ಮಂಜು ಕವಿದು ಸಿಲ್ವೇರಾ ಹೆಡ್‌ಲೈಟು ಹಾಕಿದ. ಅವನು ಇಡೀ ದಾರಿ, ಪ್ರಾಣಿಯನ್ನು ವಶಪಡಿಸಿಕೊಂಡು ಎಲ್ಲಿಡುವುದು ಎಂದು ಕೇಳುತ್ತಲೇ ಇದ್ದ. ಠಾಣೆಯ ಸೊತ್ತಿನ ಕೋಣೆಗೆ ಕಿಟಕಿಯೇ ಇಲ್ಲ, ಪಕ್ಕದಲ್ಲೇ ಬಾಯ್ಲರು. ಜಯರಾಮ್‌ನ ತಲೆಯಲ್ಲಿದ್ದದ್ದೂ ಅದೇ.

ಮನೆ ಪತ್ತೆ ಮಾಡುವುದು ಕಷ್ಟವಾಗಲಿಲ್ಲ. ಬೀದಿಯ ಎಲ್ಲ ಮನೆಗಳ ಕಿಟಕಿಗಳೂ ಮುಚ್ಚಿದ್ದವು. ಒಂದರ ಕಿಟಕಿ ಮಾತ್ರ ಪೂರ್ತಿ ತೆರೆದು, ಮಂಜು ನೇರ ಒಳಗೆ ಹೋಗುತ್ತಿತ್ತು.

ಸ್ವೆಟರಿನ ಮೇಲೆ ಶಾಲು ಹೊದ್ದಿದ್ದ ಹೆಂಗಸು ಬಾಗಿಲು ತೆಗೆದರು. ಹನುಮಂತರಾಜು ಅವರ ಹೆಂಡತಿ ಗೌರಮ್ಮ. ಜಯರಾಮ್ ವಾರಂಟು ತೋರಿಸಿ ತಾನು ಯಾರೆಂದು ಹೇಳಿದ.

"ಮಂಡ್ಯದೋನಾ ನೀನು? ಬಾರಪ್ಪ. ಚಪ್ಲಿ... ಬೂಟು ಅಲ್ಲೇ ಬಿಡು. ಸದ್ದು ಮಾಡ್ಬೇಡಿ, ನೋವು ತಿಂತಾವ್ಳೆ."

ಒಳಗಿನ ಕೋಣೆಯಲ್ಲಿ ಉಸಿರು ಬಿಟ್ಟರೆ ಹೊಗೆಯಾಗುತ್ತಿತ್ತು. ನೆಲದಿಂದ ಸೂರಿನವರೆಗೆ ಜಾಲರಿಯ ಪಂಜರ, ಅದರ ತುಂಬ ಮನಿ ಪ್ಲಾಂಟು. ಮೇಲೆ ನೇತುಹಾಕಿದ ಪ್ಲಾಸ್ಟಿಕ್ ಲೋಟದ ತಳದ ತೂತಿನಿಂದ ಎಲೆಯಿಂದ ಎಲೆಗೆ ನೀರು ಹನಿಯುತ್ತಿತ್ತು. ಬೇರೆ ಪಂಜರಗಳ ನಡುವೆ ಬೆಡ್‌ಶೀಟು ಕಟ್ಟಿ, ಒಂದಕ್ಕೊಂದು ಕಾಣದಂತೆ ಮಾಡಿದ್ದರು. ಮಫ್ಲರ್ ಸುತ್ತಿಕೊಂಡ ಐವತ್ತೈದು ದಾಟಿದ ಮನುಷ್ಯ ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದರು.

ಹೆಣ್ಣು ಕೆಳಗಿನ ಕೊಂಬೆಯ ಮೇಲೆ ಮೆಲ್ಲಗೆ ಹೆಜ್ಜೆ ಇಡುತ್ತಿತ್ತು. ನಿಂತಿತು. ಹಿಂಭಾಗವನ್ನು ಎಲೆಗೆ ಒತ್ತಿತು. ಅಂಟಂಟಾದ ಒಂದು ಪುಟ್ಟ ಚೀಲ ಎಲೆಗೆ ಅಂಟಿಕೊಂಡಿತು. ತಾಯಿ ತಿರುಗಿಯೂ ನೋಡದೆ ಮುಂದೆ ಹೋಯಿತು. ಸ್ವಲ್ಪ ಹೊತ್ತಿಗೆ ಚೀಲ ಅಲುಗಿತು, ಹರಿಯಿತು. ಬೆಂಕಿಕಡ್ಡಿಗಿಂತ ಸ್ವಲ್ಪವೇ ಉದ್ದದ ಮರಿ ಒದ್ದಾಡಿ ಹೊರಬಂದು, ಬಾಲ ಸುತ್ತಿಕೊಂಡು, ಯಾರನ್ನೂ ಕೇಳದೆ ಕೊಂಬೆ ಹತ್ತಿತು.

"ಅಷ್ಟೇ. ಇವಕ್ಕೆ ಬಾಣಂತನ ಅಂತ ಇಲ್ಲ," ಎಂದರು ಹನುಮಂತರಾಜು ಪಿಸುದನಿಯಲ್ಲಿ. "ಹೆತ್ತು ಹೋಗ್ತಾ ಇರೋದೆ."

ವಿಚಾರಣೆ ಅಲ್ಲೇ, ಪಿಸುಮಾತಿನಲ್ಲೇ ನಡೆಯಿತು.

"ಭಾನುವಾರ ಶೇಷಗಿರಿ ಮನೆಯಿಂದ ಕದ್ದಿದ್ದು ನೀವೇನಾ?"

"ಕರ್ಕೊಂಡು ಬಂದಿದ್ದು."

"ಯಾರೂ ಇಲ್ಲದಾಗ?"

"ಇದ್ದಾಗ ಮೂರು ಸಲ ಕೇಳ್ದೆ."

"ಕಾನೂನಿನಲ್ಲಿ ಅದಕ್ಕೆ ಕಳ್ಳತನ ಅಂತಾರೆ."

"ಗೊತ್ತು ಸಾ. ಅವನೇನು ಕೆಟ್ಟೋನಲ್ಲ. ಹೀಟರು ಹಾಕಿ ಸಾಯಿಸ್ತಿದ್ದ, ಅಷ್ಟೇ. ಇನ್ನೊಂದು ಅರ್ಧ ಗಂಟೆ ಬಿಡಿ. ಆಮೇಲೆ ಎಲ್ಲಿಗಾದ್ರೂ ಬತ್ತೀನಿ."

ಜಯರಾಮ್ ಕುರ್ಚಿ ಎಳೆದುಕೊಂಡು ಕುಳಿತ. ಸಿಲ್ವೇರಾ ಸೊತ್ತಿನ ಪಟ್ಟಿಯಲ್ಲಿ ಪ್ರಾಣಿ ಒಂದು ಎಂದು ಬರೆದಿದ್ದ. ಅದನ್ನು ಹೊಡೆದುಹಾಕಿ 'ಏಳು' ಎಂದು ತಿದ್ದಿದ. ಮತ್ತೆ 'ಹನ್ನೊಂದು' ಎಂದು ತಿದ್ದಿದ. ಆಮೇಲೆ ಪೆನ್ನು ಜೇಬಿಗಿಟ್ಟು, ಕೈ ಕಟ್ಟಿಕೊಂಡು ಸುಮ್ಮನೆ ನೋಡುತ್ತಾ ನಿಂತ. ಜಯರಾಮ್ ಗೌರಮ್ಮನ ಫೋನಿನಿಂದ ಶೇಷಗಿರಿಗೆ ವಿಷಯ ತಿಳಿಸಿದ.

ಶೇಷಗಿರಿ ಬರುವ ಹೊತ್ತಿಗೆ ಹೆರಿಗೆ ಮುಗಿದಿತ್ತು. ಹೆಣ್ಣು ತೆಳ್ಳಗಾಗಿ, ಹಸಿರಾಗಿ, ಎಲೆಯಂಚಿನ ಹನಿಯನ್ನು ಕುಡಿಯುತ್ತಿತ್ತು. ಎರಡು ವಾರದಿಂದ ತೆರೆದೇ ಇದ್ದ ಅದರ ಬಾಯಿ ಈಗ ಗುಟುಕಿಗೊಮ್ಮೆ ಮುಚ್ಚುತ್ತಿತ್ತು. ಶೇಷಗಿರಿ ಚಳಿಗೆ ಎರಡೂ ಕೈ ಕಂಕುಳಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಹನುಮಂತರಾಜು ಅವರ ಮುಖ ನೋಡಲಿಲ್ಲ, ಬೈಯಲೂ ಇಲ್ಲ. ಕಂಪ್ಲೇಂಟು ವಾಪಸ್ಸು ತೆಗೆದುಕೊಳ್ಳಬಹುದೇ ಎಂದು ಜಯರಾಮ್‌ನನ್ನು ಕೇಳಿದ.

"ಮನೆಗೆ ನುಗ್ಗಿದ ಕೇಸು. ಅದು ನಿಮ್ಮ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ. ಸರ್ಕಾರಿ ವಕೀಲರಿಗೆ ನಿಮ್ಮ ಮನಸ್ಸಲ್ಲಿರೋದು ಹೇಳಿ. ಇವನ್ನ ಏನು ಮಾಡ್ತೀರಿ? ಈಗಲೇ ತಗೊಂಡು ಹೋಗೋ ಹಕ್ಕು ನಿಮಗಿದೆ."

"ಇಲ್ಲೇ ಇರ್ಲಿ ಸಾರ್. ಮೂರು ತಿಂಗಳು." ಮತ್ತೆ ಪಂಜರದ ಕಡೆ ತಿರುಗಿದ. "ಬಂದು ನೋಡ್ಕೊಂಡು ಹೋಗ್ತೀನಿ."

ಇಲ್ಲಿನ ಕಾನೂನಿನಲ್ಲಿ ಪಂಚನಾಮೆ ಇಲ್ಲ, ಪಂಚರೂ ಬೇಕಿಲ್ಲ. ಆದರೂ ಜಯರಾಮ್ ಅಪ್ಪನಂತೆಯೇ ಕೋಣೆಯ ಉದ್ದಗಲ, ಕಿಟಕಿ, ಪಂಜರ ಎಲ್ಲವನ್ನೂ ಬರೆದು, ಸಾಗಿಸಿದರೆ ಜೀವಕ್ಕೆ ಅಪಾಯವಿರುವುದರಿಂದ ಸೊತ್ತನ್ನು ಸ್ಥಳದಲ್ಲೇ ಗೌರಮ್ಮನವರ ಸುಪರ್ದಿಗೆ ಕೊಟ್ಟಿದೆ ಎಂದು ಸೇರಿಸಿದ. ಗೌರಮ್ಮ ಕನ್ನಡದಲ್ಲಿ ಸಹಿ ಹಾಕಿದರು. ಹಾಕಿ, ಪೆನ್ನು ಕೊಡದೆ ಹಿಡಿದುಕೊಂಡೇ ನಿಂತರು.

"ಇದು ಯಾರ ಕೋಣೆ ಗೊತ್ತೇನಪ್ಪ? ನನ್ನ ಮಗಳು ಮೈಥಿಲಿದು. ಚೊಚ್ಚಲಿಗೆ ಬತ್ತೀನಿ ಅಂತ ಶಿಕಾಗೋದಿಂದ ಫೋನ್ ಮಾಡಿದ್ಲು. ಕೋಣೆ ಥಂಡಿ, ಮಗೀಗೆ ಆಗಲ್ಲ, ಅಲ್ಲೇ ಒಳ್ಳೆ ಡಾಕ್ಟ್ರವ್ರೆ ಅಂದ್ರು ಇವ್ರು. ಕಿಟಕಿ ಮುಚ್ಚೋಕಾಗ್ಲಿಲ್ಲ ಇವ್ರ ಕೈಲಿ. ಈಗ ಅವಳಿಗೆ ಎರಡನೇದು. ಈ ಸಲ ಅವಳು ಕೇಳೂ ಇಲ್ಲ."

ಹನುಮಂತರಾಜು ಪಂಜರದ ಬಾಗಿಲಿನ ಕೊಂಡಿ ಸರಿಯಾಗಿ ಬಿದ್ದಿದೆಯೇ ಎಂದು ನೋಡುತ್ತಿದ್ದರು. ಬಿದ್ದಿತ್ತು. ಮತ್ತೊಮ್ಮೆ ನೋಡಿದರು.

ಜಯರಾಮ್ ಹಕ್ಕುಗಳನ್ನು ಓದಿ ಹೇಳಿ, ಮಧ್ಯಾಹ್ನ ಹನ್ನೆರಡೂ ಹತ್ತಕ್ಕೆ ಅವರನ್ನು ಬಂಧಿಸಿದ. ಬೇಡಿ ಹಾಕಲಿಲ್ಲ. ಸಿಲ್ವೇರಾ ಕಾರಿನ ಹಿಂದಿನ ಬಾಗಿಲು ತೆಗೆದು ಹಿಡಿದ.

ಠಾಣೆಯಲ್ಲಿ ಬೆರಳಚ್ಚು, ಫೋಟೋ ಮುಗಿದ ಮೇಲೆ ಒಂದು ಫೋನು ಮಾಡಬಹುದು ಎಂದು ಹೇಳಿ, ವಕೀಲರ ಹೆಸರು ಬೇಕೇ ಎಂದು ಜಯರಾಮ್ ಕೇಳಿದ. ಬೇಡ, ನಂಬರು ನನಗೆ ಗೊತ್ತು ಎಂದರು. ಮಸಿ ಅಂಟಿದ ಬೆರಳಿನಲ್ಲೇ ಡಯಲ್ ಮಾಡಿದರು. ಆ ಕಡೆ ಯಾರೋ ಹಲೋ ಎಂದರು.  ಹನುಮಂತರಾಜು ತಾವು ಪೊಲೀಸ್ ಠಾಣೆಯಲ್ಲಿರುವುದನ್ನೂ, ಯಾಕೆ ಎಂಬುದನ್ನೂ ಒಂದೊಂದಾಗಿ ಹೇಳಿದರು. ಮರಿಗಳ ವಿಷಯ ಹೇಳಲು ಹೋಗಿ ಅಲ್ಲಿಗೇ ನಿಲ್ಲಿಸಿದರು.

"ಚೊಚ್ಚಲು ಮುಗ್ದೋಯ್ತು ಮಗ. ಅದನ್ನ ವಾಪಸ್ ತರಕ್ಕಾಗಲ್ಲ. ಎರಡನೇದಕ್ಕೆ ಬರೋ ಪದ್ಧತಿ ಇಲ್ಲ. ಆದ್ರೂ ಬಾ. ಅವನ್ನೆಲ್ಲ ಗ್ಯಾರೇಜಿಗೆ ಹಾಕ್ತೀನಿ, ಗ್ಯಾರೇಜೂ ಥಂಡಿನೇ. ನಿನ್ನ ಕೋಣೆ ಕಿಟಕಿ ನಾನೇ ಮುಚ್ತೀನಿ."

ಆ ಕಡೆಯ ಮಾತು ಜಯರಾಮ್‌ಗೆ ಕೇಳಿಸಲಿಲ್ಲ.  ಕೊನೆಗೆ ಹನುಮಂತರಾಜು ರಿಸೀವರಿನ ಬಾಯಿಗೆ ಕೈ ಮುಚ್ಚಿ ಅವನ ಕಡೆ ತಿರುಗಿದರು.

"ಸಾ, ನನ್ನನ್ನ ಯಾವತ್ತು ಬಿಡ್ತೀರಾ ಅಂತ ಕೇಳ್ತಾವ್ಳೆ. ಟಿಕೆಟ್ ನೋಡ್ಬೇಕಂತೆ."